ಸಿರುಗುಪ್ಪ ಬಿಟ್ಟು ಹೋಗಬಾರದು

ಮೊನ್ನೆ ನಮ್ಮ ಸತ್ಯನಾರಾಯಣಪೇಟೆ ಓಣಿಯ ಹುಡುಗಿಯೊಬ್ಬಳು ಪೊಲೀಸ್ ಟ್ರೇನಿಂಗ್ ಮುಗಿಸಿ ಬಂದು, ಪೇಡೆ ಕೊಟ್ಟು ಕಾಲಿಗೆ ಬಿದ್ದಳು. ಎದ್ದವಳೇ ಕೇಳಿದ ಮೊದಲ ಮಾತು, ‘ಅಜ್ಜಿ, ನಿಮಗ ಕಳ್ಳರಂದ್ರ ಅಂಜಿಕಿ ಆಗ್ತಿತ್ತೇನ್ರಿ?’ ನನಗೆ ನಗು ಬಂತು. ಕಳ್ಳರನ್ನು ನಾನು ನೋಡಿದ್ದೇ ಕಡಿಮೆ. ನನ್ನ ಸರ್ವಿಸಿನ ಬಹುಪಾಲು ಕಳೆದದ್ದು ಬಳ್ಳಾರಿಯಲ್ಲಿ, ಪರದೇಶದವರ ಮೇಲೆ ನಿಗಾ ಇಡುವ ವಿಭಾಗದಲ್ಲಿ. ಬೇರೆ ದೇಶದ ಪಾಸ್‌ಪೋರ್ಟ್ ಹಿಡಿದು ನಮ್ಮ ಜಿಲ್ಲೆಗೆ ಯಾರು ಬಂದರು, ಎಲ್ಲಿ ಇಳಿದುಕೊಂಡರು, ವೀಸಾ ಮುಗಿದ ಮೇಲೆ ಹೊರಟರೋ ಇಲ್ಲವೋ ಅಂತ ನೋಡುವುದು, ಹೊರಡದಿದ್ದರೆ ಹೊರಡಿಸುವುದು, ಇಷ್ಟೇ ಕೆಲಸ. ಲಾಠಿ ಎತ್ತಿದವಳಲ್ಲ, ಪಿಸ್ತೂಲು ಮುಟ್ಟಿದವಳಲ್ಲ. ಅಂಜಿಕೆಯನ್ನು ಮಾತ್ರ ಹೊಟ್ಟೆ ತುಂಬ ಉಂಡೆ. ಆ ಹುಡುಗಿಗೆ ಪೇಡೆ ತಿನ್ನುತ್ತಾ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪ್ರಮೋಷನ್ನಿನ ಮಾತು ಬೇಡ, ಬಂದದ್ದೂ ಅಷ್ಟಕ್ಕಷ್ಟೇ.

ನಾನು ಕುರುಗೋಡಿನ ಮಗಳು, ಬಳ್ಳಾರಿಯ ಸೊಸೆ. ನಮ್ಮ ಯಜಮಾನರು ಕಾನ್‌ಸ್ಟೇಬಲ್ ಆಗಿದ್ದರು. ಬಂದೋಬಸ್ತಿಗೆ ಹೋದವರು ಲಾರಿ ಬಡಿದು ತೀರಿಕೊಂಡರು, ಅವರ ಕೆಲಸ ನನಗೆ ಬಂತು. ಎಪ್ಪತ್ತರ ದಶಕದ ನಡುಭಾಗ ಅದು. ನಮ್ಮ ಕಡೆ ಹೆಣ್ಣು ಪೊಲೀಸ್ ಅಂದರೆ ಜನ ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು. ಖಾಕಿ ಸೀರೆ, ಅದರ ಮೇಲೊಂದು ಬೆಲ್ಟು. ಆ ಬೆಲ್ಟ್ ಬಿಗಿಯುವಾಗೆಲ್ಲ ಒಂದೇ ಯೋಚನೆ. ಇದು ಹೋದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಮಗ ಸಾಲಿ ಬಿಡಬೇಕಾಗುತ್ತದೆ. ಹಾಗಾಗಿ ನನ್ನ ಅಂಜಿಕೆ ಬೆಳಿಗ್ಗೆ ಸೀರೆ ಉಡುವಾಗಲೇ ಶುರುವಾಗುತ್ತಿತ್ತು.

ನನಗೆ ಕೆಲಸ ಕಲಿಸಿದವರು ತಿಪ್ಪಣ್ಣ ದಫೇದಾರರು, ನಮ್ಮ ವಿಭಾಗದ ಹೆಡ್ ಕಾನ್‌ಸ್ಟೇಬಲ್. ಬಾಯಲ್ಲಿ ಸದಾ ಎಲೆ ಅಡಿಕೆ. ಕನ್ನಡದಷ್ಟೇ ತೆಲುಗು, ತೆಲುಗಿನಷ್ಟೇ ಉರ್ದು ಬರುತ್ತಿತ್ತು. ಅವರು ನನಗೆ ಹೇಳಿಕೊಟ್ಟದ್ದು ಎರಡು ಮಾತು. ಮಲಗಿದ ಫೈಲನ್ನು ಎಬ್ಬಿಸಬಾರದು ಅನ್ನುವುದು ಒಂದು, ಕರೆದುಕೊಂಡು ಹೋಗುವ ಮನುಷ್ಯನನ್ನು ಕಣ್ಣಿಂದ ಬಿಡಬಾರದು ಅನ್ನುವುದು ಇನ್ನೊಂದು. ಎರಡನ್ನೂ ನಾನು ವೇದವಾಕ್ಯದಂತೆ ನಂಬಿದ್ದೆ.

ಮೊದಲ ವರ್ಷವೇ ಒಂದು ಫಜೀತಿ ಆಯಿತು. ಹಂಪಿ ಆಗ ನಮ್ಮ ಜಿಲ್ಲೆಯೇ. ವೀಸಾ ಮುಗಿದ ಬಿಳಿ ಹೆಂಗಸೊಬ್ಬಳು ಹೊಳೆದಂಡೆಯ ಮಂಟಪದಲ್ಲಿ ಉಳಿದುಬಿಟ್ಟಿದ್ದಾಳೆ ಅಂತ ಸುದ್ದಿ ಬಂತು. ಹೆಂಗಸಾದ್ದರಿಂದ ನನ್ನನ್ನು ಮುಂದೆ ಬಿಟ್ಟರು. ಬೆನ್ನ ಮೇಲೆ ಇಳಿಬಿದ್ದ ಕೆಂಚು ಕೂದಲು, ಸೊಂಟಕ್ಕೊಂದು ಲುಂಗಿ. ಧೈರ್ಯ ಮಾಡಿ ಹಿಂದಿನಿಂದ ಭುಜ ಹಿಡಿದು ತಿರುಗಿಸಿದರೆ ಎದೆಯುದ್ದ ಗಡ್ಡ. ನಾನು ಕಿಟಾರನೆ ಕಿರುಚಿದೆ, ಆ ಪುಣ್ಯಾತ್ಮನೂ ಕಿರುಚಿದ. ತಿಪ್ಪಣ್ಣ ನಕ್ಕು ನಕ್ಕು ಬಾಯಲ್ಲಿದ್ದ ಎಲೆ ಅಡಿಕೆ ನುಂಗಿಬಿಟ್ಟರು. ಹುಡುಗ ತಕರಾರಿಲ್ಲದೆ ನಮ್ಮ ಜೊತೆ ಬಸ್ಸಿನಲ್ಲಿ ಬಳ್ಳಾರಿಗೆ ಬಂದ, ತನ್ನ ದೇಶಕ್ಕೆ ಹೋದ. ಅವನಿಗೆ ಅಲ್ಲೊಂದು ಮನೆ ಇತ್ತು, ಅವರಪ್ಪ ಟಿಕೆಟ್ ಕಳಿಸಿದ್ದ. ಹೋಗಲು ಮನೆ ಇದ್ದವರ ಕೇಸು ಯಾವಾಗಲೂ ಸಲೀಸು.

ಇನ್ನೊಂದು ಸಲ ನನ್ನ ತವರಿಂದಲೇ ಮೂಗರ್ಜಿ ಬಂತು. ಮೂಗರ್ಜಿ ಅಂದರೆ ಹೆಸರು ಹಾಕದೆ ಬರೆದ ದೂರು. ನಮ್ಮ ವಿಭಾಗ ಅರ್ಧ ನಡೆಯುತ್ತಿದ್ದುದೇ ಇವುಗಳ ಮೇಲೆ. ಕುರುಗೋಡು ಸಂತೆಯಲ್ಲಿ ಚೀನಾದ ಗೂಢಚಾರಿಣಿ ಕೂತಿದ್ದಾಳೆ ಅಂತ ಬರೆದಿದ್ದರು. ಹೋಗಿ ನೋಡಿದರೆ ಟಿಬೆಟ್ಟಿನ ಮುದುಕಿ, ಸ್ವೆಟರ್ ಮಾರಲು ಬಂದವಳು. ಸುತ್ತ ಜನ ಕಟ್ಟಿಕೊಂಡಿತ್ತು, ಕೆಲವರ ಕೈಯಲ್ಲಿ ಕಲ್ಲು. ಅದರಲ್ಲೊಬ್ಬ ನನ್ನ ದೊಡ್ಡಪ್ಪನ ಮಗ. ಚದುರಿ ಅನ್ನುವ ಧೈರ್ಯ ಬರಲಿಲ್ಲ. ಏನು ಮಾಡಬೇಕೋ ತಿಳಿಯದೆ ಮುದುಕಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಂದು ಉಣ್ಣೆ ಸ್ವೆಟರನ್ನು ಖಾಕಿ ಸೀರೆಯ ಮೇಲೇ ತೊಟ್ಟುಕೊಂಡೆ. ನಮ್ಮ ಬಳ್ಳಾರಿ ಸೀಮೆಗೆ ಇರುವುದೇ ಎರಡು ಕಾಲ, ಬೇಸಿಗೆ ಮತ್ತು ಕಡುಬೇಸಿಗೆ. ದೊಡ್ಡಪ್ಪನ ಮಗನೇ ಮೊದಲು ನಕ್ಕ, ನಮ್ಮ ಗೌರಿಗೆ ಮೈಯಾಗ ಚಳಿ ಹೊಕ್ಕೈತಿ ಅಂತ. ನಗುವ ಜನ ಕಲ್ಲು ಎಸೆಯುವುದಿಲ್ಲ. ಮುದುಕಿಯ ಕಾಗದಪತ್ರ ಎಲ್ಲ ಸರಿಯಾಗಿತ್ತು. ನನಗೆ ಆ ಬೆವರು ಸ್ವೆಟರಿಂದ ಬಂದದ್ದೋ ಅಂಜಿಕೆಯಿಂದ ಬಂದದ್ದೋ ಇವತ್ತಿಗೂ ಗೊತ್ತಿಲ್ಲ.

ಜನರ ಅಂಜಿಕೆ ಹಾಗಾದರೆ ಮೇಲಿನವರ ಅಂಜಿಕೆ ಬೇರೆ ತರಹದ್ದು. ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಬಯ್ಯುತ್ತಿರಲಿಲ್ಲ. ಕನ್ನಡಕದ ಮೇಲಿಂದ ನೋಡಿ, ‘ರಸೀದಿ?’ ಅನ್ನುತ್ತಿದ್ದರು ಅಷ್ಟೇ. ದೇಶ ಬಿಟ್ಟು ಹೋಗಬೇಕು ಅಂತ ಆರ್ಡರ್ ಆದವರನ್ನು ರೈಲಿನಲ್ಲಿ ಗಡಿವರೆಗೂ ಕರೆದುಕೊಂಡು ಹೋಗಿ, ಅಲ್ಲಿಯವರಿಗೆ ಒಪ್ಪಿಸಿ, ಒಪ್ಪಿಸಿದ್ದಕ್ಕೆ ರಸೀದಿ ತರಬೇಕು, ಬಸ್ಸಿನಲ್ಲಿ ಪಾರ್ಸೆಲ್ ಕಳಿಸಿದ ಹಾಗೆ. ನಾನು ಸೇರುವ ಮುಂಚೆ ಒಬ್ಬ ಕಾನ್‌ಸ್ಟೇಬಲ್ಲಿನ ಕೈಯಿಂದ ಒಬ್ಬಾತ ತಪ್ಪಿಸಿಕೊಂಡಿದ್ದ. ಗುಂತಕಲ್ ಜಂಕ್ಷನ್ನಿನಲ್ಲಿ ನೀರು ಕುಡಿದು ಬರುತ್ತೇನೆ ಅಂತ ಇಳಿದವನು ನೀರಿನ ಹಾಗೇ ಹರಿದು ಹೋದ. ಕಾನ್‌ಸ್ಟೇಬಲ್ಲಿನ ಬೆಲ್ಟು ಹೋಯಿತು. ಅವನು ಆಫೀಸಿನ ಎದುರಿನ ಚಹಾದಂಗಡಿಯಲ್ಲಿ ಕೂತು, ಹೋಗಿ ಬರುವವರನ್ನೆಲ್ಲ ದಿಟ್ಟಿಸಿ ನೋಡುತ್ತಿದ್ದ, ತನ್ನವನೇ ಇರಬಹುದೇನೋ ಅಂತ. ನಾವು ಅವನನ್ನು ದಾಟಿಕೊಂಡೇ ಡ್ಯೂಟಿಗೆ ಹೋಗಬೇಕಿತ್ತು.

ಈಗ ಜೈತುನ್‌ಬಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲೆಂದೇ ಕೂತದ್ದು.

ಜೈತುನ್ ಹುಟ್ಟಿದ್ದು ನಮ್ಮ ಜಿಲ್ಲೆಯ ಸಿರುಗುಪ್ಪದಲ್ಲೇ. ತಂದೆ ಇರಲಿಲ್ಲ. ತಾಯಿ ಫಾತಿಮಾಬಿ, ಊರವರ ಬಾಯಲ್ಲಿ ಪಾತಮ್ಮ. ವಯಸ್ಸಿಗೆ ಬಂದಾಗ ಕರಾಚಿಗೆ ಹೋಗಿ ನೆಲೆಸಿದ್ದ ಸೋದರಮಾವನ ಮಗನಿಗೆ ಕೊಟ್ಟರು. ಗಂಡನ ದೇಶವೇ ಆಕೆಯ ದೇಶವಾಯಿತು, ಪಾಸ್‌ಪೋರ್ಟೂ ಅಲ್ಲಿಯದಾಯಿತು. ಮಕ್ಕಳಾಗುವ ಮೊದಲೇ ಗಂಡ ಸತ್ತ. ಮೈದುನಂದಿರು ಮನೆ ಬಿಡು ಅಂದರು. ಅವ್ವನನ್ನು ನೋಡಿ ಬರುತ್ತೇನೆಂದು ಮೂರು ತಿಂಗಳ ವೀಸಾದಲ್ಲಿ ಬಂದವಳು ವಾಪಸ್ ಹೋಗಲಿಲ್ಲ. ಅಲ್ಲಿ ಬಾಗಿಲು ತೆಗೆಯುವವರು ಯಾರೂ ಇರಲಿಲ್ಲ, ಇಲ್ಲಿ ಕಣ್ಣು ಮಂಜಾದ ಅವ್ವ ಇದ್ದಳು. ಅವಧಿ ಹೆಚ್ಚಿಸಿ ಅಂತ ಅರ್ಜಿ ಮೇಲೆ ಅರ್ಜಿ ಹಾಕಿದಳು. ಒಂದೆರಡಕ್ಕೆ ಒಪ್ಪಿಗೆ ಬಂತು, ಆಮೇಲಿನದಕ್ಕೆ ಉತ್ತರವೇ ಬರಲಿಲ್ಲ. ಫೈಲು ಮಲಗಿತು. ಆಕೆಗೆ ಇದ್ದ ಕಟ್ಟಳೆ ಇಷ್ಟು. ತಿಂಗಳ ಮೊದಲಿಗೆ ಠಾಣೆಗೆ ಹೋಗಿ ಹಾಜರಿ ಹಾಕಬೇಕು. ಪರ್ಮಿಷನ್ ಇಲ್ಲದೆ ಸಿರುಗುಪ್ಪ ಬಿಟ್ಟು ಹೋಗಬಾರದು.

ಆಗಾಗ ಮನೆಗೆ ಹೋಗಿ ಆಕೆ ಇದ್ದಾಳೋ ಇಲ್ಲವೋ ನೋಡಿ ಬರುವುದು ನನ್ನ ಪಾಲಿನ ಕೆಲಸ. ಮೊದಲ ಸಲ ಹೋದಾಗ ನನ್ನ ಖಾಕಿ ನೋಡಿ ಆಕೆಯ ಕೈಯಲ್ಲಿದ್ದ ತಂಬಿಗೆ ಜಾರಿ ಬಿತ್ತು. ಆಮೇಲೆ ಬಣ್ಣದ ಸೀರೆ ಉಟ್ಟು ಹೋಗತೊಡಗಿದೆ. ಪಾತಮ್ಮ ಚಹಾ ಕೊಡದೆ ಬಿಡುತ್ತಿರಲಿಲ್ಲ. ನಾನು ಲಿಂಗವಂತರಾಕಿ ಅಂತ ಕಪ್ಪನ್ನು ನನ್ನ ಮುಂದೆಯೇ ತೊಳೆದು ಕೊಡುತ್ತಿದ್ದಳು. ಚಹಾ ಕುಡಿದು, ಸುಖದುಃಖ ಮಾತಾಡಿ, ಇದ್ದಾಳೆ ಅಂತ ಬರೆದುಕೊಂಡು ಬರುತ್ತಿದ್ದೆ. ಹುಡುಗಿಯರೇ, ಇದು ನಿಮಗೆ ಯಾರೂ ಹೇಳಿಕೊಡದ ಮಾತು. ಈ ಕೆಲಸದಲ್ಲಿ ಯಾರನ್ನು ಒಂದು ದಿನ ಹೊರಗೆ ಹಾಕಬೇಕಾಗುತ್ತದೋ ಅವರ ಮನೆಯ ಚಹಾ ವರ್ಷಗಟ್ಟಲೆ ಕುಡಿಯಬೇಕಾಗುತ್ತದೆ. ಜೈತುನ್‌ಗಂತೂ ನಿಯಮ ಮೈಗೂಡಿಬಿಟ್ಟಿತ್ತು. ಪಕ್ಕದ ತೆಕ್ಕಲಕೋಟೆಯಲ್ಲಿ ಚಿಕ್ಕವ್ವನ ಮಗಳ ಮದುವೆಯಾದರೂ ಹೋಗಲಿಲ್ಲ.

ಹೀಗಿರುವಾಗ ಒಂದು ದಿನ ಪಾತಮ್ಮ ಬಸ್ಸು ಹತ್ತಿ ಬಳ್ಳಾರಿಗೆ, ನಮ್ಮ ಆಫೀಸಿಗೇ ಬಂದಳು. ಮುಖ ಅರಳಿತ್ತು. ಜೈತುನ್‌ಗೆ ಮದುವೆ ಗೊತ್ತಾಗಿದೆ, ವರ ರೈಸ್ ಮಿಲ್ಲಿನ ಹಮಾಲಿ ಹುಸೇನ್‌ಸಾಬ್, ನೀವೆಲ್ಲ ಬಂದು ಹರಸಬೇಕು ಅಂತ ನಮ್ಮನ್ನು ಕರೆದಳು. ಊರ ಹಿರಿಯರೆಲ್ಲ ಕೂಡಿ ಮಾಡಿದ ಏರ್ಪಾಡಂತೆ. ನಮ್ಮ ಕಡೆ ಗಾದೆಯೇ ಇದೆಯಲ್ಲ, ಕೊಟ್ಟ ಹೆಣ್ಣು ಕುಲಕ್ಕ ಹೊರಗ. ಕರಾಚಿಗೆ ಕೊಟ್ಟಾಗ ಕರಾಚಿಯವಳಾದಳು, ಸಿರುಗುಪ್ಪಕ್ಕೆ ಕೊಟ್ಟರೆ ಸಿರುಗುಪ್ಪದವಳಾಗುತ್ತಾಳೆ, ಅಲ್ಲಿಗೆ ತಂಟೆ ಮುಗಿಯಿತು ಅನ್ನುವುದು ಅವರ ಲೆಕ್ಕ. ತಿಪ್ಪಣ್ಣನವರ ಲೆಕ್ಕವೂ ಅದೇ ಆಗಿತ್ತು. ನನಗೂ ಹೌದಲ್ಲ ಅನ್ನಿಸಿತು.

ಮದುವೆಗೆ ಹೋದೆವು. ನನಗೆ ಬೇರೆಯಾಗಿ ಪಕ್ಕದ ಲಿಂಗಾಯತರ ಮನೆಯಲ್ಲಿ ಸಜ್ಜಕದ ಸಿಹಿಯೂಟ ಮಾಡಿಸಿದ್ದರು. ಗಂಡ ಸತ್ತವಳು ಅಂತ ನಾನು ಕಂಬದ ಹಿಂದೆ ನಿಂತಿದ್ದರೆ ಪಾತಮ್ಮ ಕೈ ಹಿಡಿದು ಎಳೆದುಕೊಂಡು ಹೋಗಿ ಮದುಮಗಳ ಪಕ್ಕ ಕೂಡಿಸಿದಳು. ಜೈತುನ್ ನಗುವುದನ್ನು ಅವತ್ತೇ ನಾನು ನೋಡಿದ್ದು. ಖುಷಿಯಾಯಿತು ನನಗೆ, ಸುಳ್ಳು ಯಾಕೆ ಹೇಳಲಿ, ಕಣ್ಣೀರು ಬಂತು.

ತಿಪ್ಪಣ್ಣನವರಿಗೂ ಖುಷಿಯಾಗಿತ್ತು, ಅದೇ ಕೆಟ್ಟದ್ದಾಯಿತು. ಮಾರನೇ ದಿನ ಆಫೀಸಿಗೆ ಬಂದವರೇ ಸಂತೋಷದಿಂದ ರಿಪೋರ್ಟ್ ಬರೆದರು. ಸದರಿ ಹೆಂಗಸು ಊರ ಹಿರಿಯರ ಸಮಕ್ಷಮ ಸ್ಥಳೀಯನೊಬ್ಬನನ್ನು ಮದುವೆಯಾಗಿ ಸಿರುಗುಪ್ಪದ ಸೊಸೆಯಾಗಿರುವುದರಿಂದ ಇನ್ನು ಮೇಲೆ ಕ್ರಮದ ಅಗತ್ಯ ಇರುವುದಿಲ್ಲ ಅಂತ. ಫೈಲು ಮುಚ್ಚಲಿ ಅಂತ ಕಳಿಸಿದರು. ಮೇಲೆ ಕೂತವರಿಗೆ ನಮ್ಮ ಗಾದೆ ಎಲ್ಲಿ ಗೊತ್ತಿರಬೇಕು? ಅವರು ಓದಿದ್ದು ಬೇರೆ. ವೀಸಾ ಮುಗಿದ ಪರದೇಶದ ಹೆಂಗಸು ಇಲ್ಲಿ ಮದುವೆಯಾಗಿದ್ದಾಳೆ, ಅಂದರೆ ಹೋಗುವ ಮನಸ್ಸಿಲ್ಲ, ಕೂಡಲೇ ಕಳಿಸಿ. ಮದುವೆಯ ಮೆಹಂದಿ ಮಾಸುವ ಮುಂಚೆ ಆರ್ಡರ್ ಬಂತು. ಮದುವೆಯಾದವಳು ಮೊದಲು ಇಲ್ಲೇ ಇರಲು ಅರ್ಜಿ ಹಾಕಿ ಒಪ್ಪಿಗೆ ತರಬೇಕಿತ್ತು, ಬರೀ ನಿಕಾಹ್ ಆದರೆ ಕಾನೂನಿಗೆ ಸಾಲದು ಅನ್ನುವುದು ನಮಗೆಲ್ಲ ಗೊತ್ತಾದದ್ದು ಆಗಲೇ. ತಿಪ್ಪಣ್ಣ ಆ ಕಾಗದ ಓದಿ ಎಲೆ ಅಡಿಕೆ ಉಗಿದು ಬಂದು, ಅವತ್ತೆಲ್ಲ ಬಾಯಿಗೆ ಏನೂ ಹಾಕಲಿಲ್ಲ. ಮಲಗಿದ ಫೈಲನ್ನು ಅವರೇ ಎಬ್ಬಿಸಿದ್ದರು.

ಸಾಹೇಬರು ನಮ್ಮಿಬ್ಬರನ್ನೂ ಕರೆದು ಗಲಾಟೆ ಇಲ್ಲದೆ ಕರೆದುಕೊಂಡು ಬನ್ನಿ ಅಂದರು. ಗಲಾಟೆ ಇಲ್ಲದೆ ತರುವುದಕ್ಕೆ ನಮ್ಮಲ್ಲಿ ಒಂದು ರೂಢಿ ಇತ್ತು. ಹೋಗಿ, ನಗುಮುಖದಿಂದ, ಒಂದು ಸಹಿ ಬಾಕಿ ಐತಿ ಬರ್ರಿ ಅನ್ನುವುದು. ನಿಜ ಹೇಳಿದರೆ ಓಣಿ ಕೂಡುತ್ತದೆ, ಅಳು ಎದ್ದು ಕಲ್ಲು ಬೀಳುತ್ತದೆ. ಒಬ್ಬಾಕೆ ಪೊಲೀಸರು ಬಾಗಿಲಲ್ಲಿ ಆರ್ಡರ್ ಓದುತ್ತಿದ್ದಂತೆ ಹಿತ್ತಲ ಬಾವಿಗೆ ಹಾರಿದ್ದನ್ನು ತಿಪ್ಪಣ್ಣ ಕಣ್ಣಾರೆ ಕಂಡಿದ್ದರಂತೆ. ಹಾಗಾಗಿ ಸವಿಮಾತು. ಆ ದಿನ ಅದನ್ನು ಆಡುವ ಸರದಿ ನನ್ನದು, ಯಾಕೆಂದರೆ ಆಕೆ ನನ್ನನ್ನು ನಂಬಿದ್ದಳು.

ಜೈತುನ್ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲಿ ನನ್ನನ್ನು ನೋಡಿ ತಲೆ ಮೇಲೆ ಸೆರಗು ಎಳೆದುಕೊಂಡಳು.

‘ಬಾ ತಂಗಿ, ಬಳ್ಳಾರಿಗೆ ಹೋಗಿ ಬರೂಣು. ಒಂದು ಸಹಿ ಐತಿ. ಏನೂ ಇಲ್ಲ, ಅಂಜಬ್ಯಾಡ,’ ಅಂದೆ.

ಹಿಟ್ಟಿನ ಕೈಯನ್ನು ಅರ್ಧ ತೊಳೆದುಕೊಂಡು ಎದ್ದಳು. ಪಾತಮ್ಮ ಒಳಗಿನಿಂದಲೇ ಲಗೂನ ಕಳಿಸಿಕೊಡವ್ವ ಅಂತ ಕೂಗಿ ಹೇಳಿದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಜೈತುನ್ ತೆಕ್ಕಲಕೋಟೆ ದಾಟುತ್ತಿದ್ದಂತೆ ಚಡಪಡಿಸಿದಳು. ಊರ ಗಡಿ ಮೀರಿ ಬಂದೀನಿ, ಪರ್ಮಿಷನ್ ಐತೇನ್ರಿ ಅಂತ ಮೆಲ್ಲಗೆ ಕೇಳಿದಳು. ನಾನು ಅದೀನಲ್ಲ ಅಂದೆ. ಆಕೆ ಸಮಾಧಾನವಾಗಿ ನನ್ನ ಭುಜಕ್ಕೆ ತಲೆ ಕೊಟ್ಟು ನಿದ್ದೆ ಹೋದಳು. ಆ ತಲೆಯ ಭಾರ ನನ್ನ ಭುಜದ ಮೇಲೆ ಇನ್ನೂ ಇದೆ.

ಆಫೀಸಿನಲ್ಲಿ ಸಾಹೇಬರು ಆರ್ಡರ್ ಓದಿದರು. ಆಕೆ ಅಳಲಿಲ್ಲ, ಕೂಗಲಿಲ್ಲ. ನನ್ನ ಕಡೆ ತಿರುಗಿ, ರೊಟ್ಟಿ ಹೆಂಚಿನ ಮ್ಯಾಲೆ ಬಿಟ್ಟು ಬಂದೀನ್ರಿ ಅಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ರೈಲು ಟಿಕೆಟ್ಟು, ಗಡಿಯವರ ಒಪ್ಪಿಗೆ ಇವೆಲ್ಲ ಆಗುವವರೆಗೂ ಕೆಲವು ದಿನ ಹೆಣ್ಣುಮಕ್ಕಳ ಆಶ್ರಯಧಾಮವೊಂದರಲ್ಲಿ ಇರಿಸಿದೆವು, ನಾನು ಕಾವಲು. ಹುಸೇನ್‌ಸಾಬ್ ದಿನಾ ಬಂದು ಗೇಟಿನ ಹೊರಗೆ ನಿಲ್ಲುತ್ತಿದ್ದ. ಸಿರುಗುಪ್ಪದ ಹಿರಿಯರು ವಕೀಲರೊಬ್ಬರನ್ನು ಹಿಡಿದು ಬೆಂಗಳೂರಿಗೆ ಕಳಿಸಿದ್ದಾರೆ ಅನ್ನುವ ಸುದ್ದಿ ಬಂತು. ಆಗುತ್ತದೆ ಅಂತ ನನಗೆ ನಂಬಿಕೆ ಇರಲಿಲ್ಲ. ಟಿಕೆಟ್ ಬಂತು. ನಾನು, ತಿಪ್ಪಣ್ಣ, ಜೈತುನ್ ಗುಂತಕಲ್ಲಿಗೆ ಹೋದೆವು, ಅಲ್ಲಿಂದ ಉತ್ತರದ ಗಾಡಿ ಹಿಡಿಯಬೇಕು.

ಗುಂತಕಲ್ಲಿನ ಪ್ಲಾಟ್‌ಫಾರ್ಮಿನಲ್ಲಿ ನನಗೆ ಆದ ಅಂಜಿಕೆಯನ್ನು ಹೇಗೆ ಬರೆಯಲಿ? ಇದೇ ನಲ್ಲಿ, ಇದೇ ಜಾಗ, ಹಿಂದೆ ಒಬ್ಬ ತಪ್ಪಿಸಿಕೊಂಡದ್ದು. ನಾನು ಪಕ್ಕದಲ್ಲೇ ಕೂಡಿಸಿಕೊಂಡು ಜೈತುನ್‌ಳ ಮುಂಗೈ ಹಿಡಿದದ್ದು ಬಿಡಲಿಲ್ಲ. ಆಕೆಯ ಕೈಬಳೆ ಒತ್ತಿ ಕೆಂಪಗೆ ಬರೆ ಎದ್ದಿತ್ತು, ಆದರೂ ಬಿಡಲಿಲ್ಲ. ಆಕೆ ಓಡಿಹೋಗಲಿ ಅಂತ ಒಂದು ಮನಸ್ಸು, ಓಡಿದರೆ ನನ್ನ ಮಗನ ಗತಿ ಏನು ಅಂತ ಇನ್ನೊಂದು. ಆಕೆಗೆ ನನ್ನ ಅಂಜಿಕೆ, ನನಗೆ ಆಕೆಯ ಅಂಜಿಕೆ.

ಗಾಡಿಗೆ ಸಿಗ್ನಲ್ ಬಿದ್ದಿತ್ತು. ಅಷ್ಟರಲ್ಲಿ ರೈಲ್ವೆ ಪೊಲೀಸಿನವನೊಬ್ಬ ತಿಪ್ಪಣ್ಣನವರ ಹೆಸರು ಕೂಗುತ್ತಾ ಬಂದ. ಏನೋ ತಪ್ಪಾಯಿತು, ಬೆಲ್ಟು ಹೋಯಿತು ಅಂದುಕೊಂಡೆ. ವೈರ್‌ಲೆಸ್ಸಿನಲ್ಲಿ ಬಂದ ಸುದ್ದಿ ಅದು. ಬೆಂಗಳೂರಿನ ಕೋರ್ಟು ಆರ್ಡರಿಗೆ ತಡೆ ಕೊಟ್ಟಿದೆ, ಹೆಂಗಸನ್ನು ವಾಪಸ್ ಕರೆದುಕೊಂಡು ಬನ್ನಿ ಅಂತ. ತಿಪ್ಪಣ್ಣ ಅಲ್ಲೇ ಕಲ್ಲು ಬೆಂಚಿನ ಮೇಲೆ ಕೂತು ಮುಖಕ್ಕೆ ಟವೆಲ್ ಮುಚ್ಚಿಕೊಂಡರು. ನಾನು ಜೈತುನ್‌ಗೆ ಸಿರುಗುಪ್ಪಕ್ಕ ಹೋಗೂಣು ನಡಿ ಅಂದೆ. ಆಕೆ ಏಳಲಿಲ್ಲ. ಮತ್ತೆ ಮತ್ತೆ ಹೇಳಿದರೂ ನನ್ನ ಮುಖ ನೋಡುತ್ತಾ ಕೂತೇ ಇದ್ದಳು. ಕೊನೆಗೆ ನಾವಿಬ್ಬರೂ ರಟ್ಟೆ ಹಿಡಿದು ಎಬ್ಬಿಸಿ ಬಳ್ಳಾರಿಯ ಗಾಡಿ ಹತ್ತಿಸಬೇಕಾಯಿತು, ಗಡಿಗೆ ಒಯ್ಯುವವರನ್ನು ಹತ್ತಿಸಿದ ಹಾಗೆಯೇ.

ಆಮೇಲೆ ನಡೆದದ್ದು ವರ್ಷಗಳ ಮಾತು. ಕೇಸು ನಡೆಯಿತು, ಅರ್ಜಿಗಳು ಹೋದವು, ವರ್ಷ ವರ್ಷ ಇರಲು ಒಪ್ಪಿಗೆ ಬಂತು. ಹಾಜರಿ ಮಾತ್ರ ತಪ್ಪಲಿಲ್ಲ. ತಿಪ್ಪಣ್ಣ ರಿಟೈರ್ ಆದರು. ಎಂಬತ್ತರ ದಶಕ ಬಂದ ಹಾಗೆ ಕೆಲಸದ ರೀತಿ ಬದಲಾಯಿತು. ಮನೆಗೆ ಹೋಗಿ ಚಹಾ ಕುಡಿಯುವುದು ಕಡಿಮೆಯಾಗಿ, ಝೆರಾಕ್ಸು ಲಗತ್ತಿಸಿ ಅನ್ನುವುದು ಹೆಚ್ಚಾಯಿತು. ಹೊಸ ಹುಡುಗರಿಗೆ ಫೋಟೋ ಗೊತ್ತು, ಮನುಷ್ಯರು ಗೊತ್ತಿಲ್ಲ. ಒಳ್ಳೆಯದೋ ಕೆಟ್ಟದ್ದೋ ನಾನು ಹೇಳಲಾರೆ. ಆ ಚಹಾ ಕುಡಿಯದಿದ್ದರೆ ನನಗೂ ಇಷ್ಟು ನೋವಿರುತ್ತಿರಲಿಲ್ಲ.

ಕೊನೆಗೊಂದು ದಿನ ಜೈತುನ್‌ಬಿ ಭಾರತದ ಪ್ರಜೆ ಅಂತ ಆಯಿತು. ದೊಡ್ಡ ಸಾಹೇಬರ ಮುಂದೆ ಪ್ರಮಾಣ ಮಾಡಿ ಕಾಗದ ಇಸಿದುಕೊಂಡಳು. ಹುಸೇನ್‌ಸಾಬ್ ಆಫೀಸಿಗೆಲ್ಲ ಪೇಡೆ ಹಂಚಿದ. ನಾನು ಆಕೆಯನ್ನು ಬದಿಗೆ ಕರೆದು ಬಿಡಿಸಿ ಬಿಡಿಸಿ ಹೇಳಿದೆ. ಇನ್ನು ಹಾಜರಿ ಇಲ್ಲ, ಪರ್ಮಿಷನ್ ಇಲ್ಲ, ಬಳ್ಳಾರಿಗೆ ಬಾ, ಬೆಂಗಳೂರಿಗೆ ಹೋಗು, ಕೇಳುವವರು ಯಾರೂ ಇಲ್ಲ. ಹೂಂ ರೀ ಅಂದಳು. ಮುಂದಿನ ತಿಂಗಳ ಮೊದಲಿಗೆ ಮತ್ತೆ ಠಾಣೆಗೆ ಹೋಗಿ ನಿಂತಿದ್ದಳಂತೆ. ಅಲ್ಲಿಯವರು ನಕ್ಕು ಕಳಿಸಿದರು. ನಾನೂ ಕೇಳಿ ನಕ್ಕೆ.

ನಗಬಾರದಾಗಿತ್ತು. ಇದಾಗಿ ಒಂದೆರಡು ವರ್ಷಕ್ಕೆ ಹುಸೇನ್‌ಸಾಬ್ ನಮ್ಮ ಮನೆ ಬಾಗಿಲಿಗೆ ಬಂದ. ಪಾತಮ್ಮನಿಗೆ ಲಕ್ವಾ ಹೊಡೆದಿದೆ, ಮಿಲ್ಲಿನ ಲಾರಿಯಲ್ಲಿ ಹಾಕಿಕೊಂಡು ಬಂದು ದೊಡ್ಡಾಸ್ಪತ್ರೆಗೆ ಸೇರಿಸಿದ್ದೇನೆ ಅಂದ. ಜೈತುನ್ ಎಲ್ಲಿ ಅಂದೆ. ಲಾರಿವರೆಗೂ ಬಂದಳಂತೆ, ಅವ್ವನ ತಲೆ ಎತ್ತಿ ಮಲಗಿಸಿದಳಂತೆ, ಹತ್ತು ಅಂದರೆ ಹಿಂದೆ ಸರಿದಳಂತೆ. ನಂಗ ಪರ್ಮಿಷನ್ ಇಲ್ಲ ಅಂದಳಂತೆ.

ಆಸ್ಪತ್ರೆಗೆ ಓಡಿದೆ. ಪಾತಮ್ಮನ ಮಾತು ಬಿದ್ದುಹೋಗಿತ್ತು. ಬಲಗೈ ಮಾತ್ರ ಆಡುತ್ತಿತ್ತು. ಪಕ್ಕದಲ್ಲಿ ಯಾರು ಕೂತರೂ ಆ ಕೈಯಿಂದ ಮುಖ ಸವರಿ ನೋಡುತ್ತಿದ್ದಳು. ನನ್ನ ಮುಖ ಸವರಿದಳು, ಮಗಳಲ್ಲ ಅಂತ ಗೊತ್ತಾಗಿ ಕೈ ಕೆಳಗೆ ಬಿಟ್ಟಳು. ನರ್ಸ್ ನನ್ನನ್ನು ಹೊರಗೆ ಕರೆದು, ಯಾರಿಗಾದರೂ ಹೇಳುವುದಿದ್ದರೆ ಹೇಳಿ ಕಳಿಸಿ ಅಂದಳು.

ರೈಸ್ ಮಿಲ್ಲಿಗೆ ಫೋನ್ ಮಾಡಿ ಜೈತುನ್‌ಳನ್ನು ಕರೆಸಿದೆ. ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ ಹೇಳಿದೆ.

‘ಬಾ ತಂಗಿ, ಬಳ್ಳಾರಿಗೆ ಬಾ. ಏನೂ ಆಗಂಗಿಲ್ಲ, ಅಂಜಬ್ಯಾಡ.’



‘ಆವತ್ತೂ ಹಿಂಗ ಅಂದಿದ್ರಿ ಅಕ್ಕಾರ,’ ಅಂದಳು.

ಫೋನ್ ಇಟ್ಟವಳೇ ಮನೆಗೆ ಹೋಗಿ ಖಾಕಿ ಉಟ್ಟೆ. ಬೆಲ್ಟ್ ಬಿಗಿದುಕೊಂಡು ಸಿರುಗುಪ್ಪದ ಬಸ್ ಹತ್ತಿದೆ. ಜೈತುನ್ ಬಟ್ಟೆ ಗಂಟು ಕಟ್ಟಿಕೊಂಡು ಹೊಸ್ತಿಲ ಒಳಗೆ ಕೂತಿದ್ದಳು. ಕಣ್ಣು ಬಾತಿದ್ದವು. ಹೋಗಬೇಕೆಂಬ ಆಸೆ ಇಲ್ಲದವಳಲ್ಲ, ಹೊಸ್ತಿಲು ದಾಟಲು ಕಾಲು ಬರುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಬೇಡಿಕೊಂಡೆ. ನೀನು ಈ ದೇಶದಾಕಿ, ನಿನಗೆ ಯಾರ ಪರ್ಮಿಷನ್ನೂ ಬೇಕಿಲ್ಲ ಅಂತ ಆಣೆ ಮಾಡಿದೆ. ಹೇಳಿದಷ್ಟೂ ಆಕೆ ಗೋಡೆಗೆ ಒತ್ತಿಕೊಂಡಳು. ನನ್ನ ಮೆತ್ತನೆ ಮಾತಿಗೇ ಆಕೆ ಅಂಜುತ್ತಿದ್ದಳು. ಅದು ತಿಳಿದಾಗ ನಾನು ಎದ್ದು ನಿಂತೆ.

‘ಏಳು ಮ್ಯಾಲೆ,’ ಅಂದೆ, ಪೊಲೀಸಿನ ದನಿಯಲ್ಲಿ. ‘ಬಳ್ಳಾರಿಗೆ ಹೋಗಾಕ ಪರ್ಮಿಷನ್ ಆಗೇತಿ. ಹೊತ್ತು ಮುಳುಗೂದ್ರಾಗ ತಿರುಗಿ ಸಿರುಗುಪ್ಪಕ್ಕ ಬರಬೇಕು. ತಪ್ಪಿದ್ರ ನಾ ಸುಮ್ಮನಿರಾಕಿ ಅಲ್ಲ.’

ಆಕೆ ತಲೆ ಎತ್ತಿದಳು. ಮುಖಕ್ಕೆ ಜೀವ ಬಂತು. ಹೂಂ ರೀ, ಬರ್ತೀನ್ರಿ ಅಂತ ಗಂಟು ಎತ್ತಿಕೊಂಡು ನನಗಿಂತ ಮುಂದೆ ಬಸ್‌ಸ್ಟ್ಯಾಂಡಿಗೆ ನಡೆದಳು.

ಪಾತಮ್ಮನ ಕೈ ಮಗಳ ಮುಖವನ್ನು ಸವರಿತು. ಹಣೆ, ಮೂಗು, ಗಲ್ಲ ಎಲ್ಲ ಮುಟ್ಟಿ, ಅಲ್ಲೇ ನಿಂತಿತು. ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಜೈತುನ್ ಕೂತಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೊಮ್ಮೆ ಆಕೆ ತಿರುಗಿ ಕಿಟಕಿ ಕಡೆ ನೋಡುತ್ತಿದ್ದಳು, ಬಿಸಿಲು ಎಲ್ಲಿಗೆ ಇಳಿಯಿತು ಅಂತ. ಬಿಸಿಲು ಕೋಟೆಗುಡ್ಡದ ಹಿಂದಕ್ಕೆ ಸರಿಯುತ್ತಿದ್ದಂತೆ ಆಕೆ ಅವ್ವನ ಕೈಯನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟು, ಸೆರಗು ಸರಿಮಾಡಿಕೊಂಡು ಎದ್ದಳು. ಪಾತಮ್ಮನ ಉಸಿರು ಇನ್ನೂ ಇತ್ತು. ಕೈ ಹಾಸಿಗೆಯ ಮೇಲೆ ಮಗಳನ್ನು ಹುಡುಕುತ್ತಿತ್ತು.

ನಾನು ಅಡ್ಡ ಬಂದೆ. ಹೋಗಬೇಡ ಅಂದರೆ ನಂಬುವುದಿಲ್ಲ ಅಂತ ನನಗೆ ಗೊತ್ತಿತ್ತು.

‘ಕೂಡು,’ ಅಂದೆ ಗಟ್ಟಿ ದನಿಯಲ್ಲಿ. ‘ಇನ್ನೊಂದು ದಿನ ಹೆಚ್ಚಿಗಿ ಪರ್ಮಿಷನ್ ಕೊಟ್ಟೀನಿ. ನಾಳಿ ಸಂಜಿತನಾ.’

ಜೈತುನ್ ಕೂತಳು. ಪಾತಮ್ಮ ಆ ರಾತ್ರಿ ಹೋಗಲಿಲ್ಲ, ಮಾರನೇ ದಿನವೂ ಹೋಗಲಿಲ್ಲ. ಆಕೆಯ ಉಸಿರು ಇರುವವರೆಗೂ ನಾನು ದಿನಾ ಸಂಜೆ ಡ್ಯೂಟಿ ಮುಗಿಸಿ, ಖಾಕಿ ಬಿಚ್ಚದೆ, ಹೊತ್ತು ಮುಳುಗುವ ಮುಂಚೆ ಆಸ್ಪತ್ರೆಗೆ ಹೋಗುತ್ತಿದ್ದೆ. ಹೋಗಿ, ಈ ದೇಶದ ಒಬ್ಬ ಹೆಣ್ಣುಮಗಳಿಗೆ, ತನ್ನ ಅವ್ವನ ಪಕ್ಕದಲ್ಲಿ ಕೂಡಲು ಇನ್ನೊಂದು ದಿನದ ಪರ್ಮಿಷನ್ ಕೊಟ್ಟು ಬರುತ್ತಿದ್ದೆ.